ಚಾರ್ಜರಿಗೆ ಹಾಕಿದ ಹಾರ

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದ್ದ ಆಂಟಿ ಯಾವುದನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡದೆ ನಂಬುತ್ತಿರಲಿಲ್ಲ. ಮಗುವಿನ ಹಣೆ, ಮಿಕ್ಸಿ, ಮೀಟರ್ ಬೋರ್ಡು, ಎಲ್ಲಕ್ಕೂ ಅದೇ ಪರೀಕ್ಷೆ. ಬಿಸಿಯಿದ್ದರೆ ಒಂದೇ ಮಾತು: “ಗಾಳಿ ಆಡ್ಬೇಕು ಕಣ್ರೀ.”

ಆಯುಧಪೂಜೆಯ ದಿನ ನಾವು ಕಾರುಗಳ ಜೊತೆ, ಪಾರ್ಕಿಂಗಿನಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆಂದು ಹಾಕಿಸಿದ್ದ ಹೊಸ ಫಾಸ್ಟ್ ಚಾರ್ಜರಿಗೂ ಅರಿಸಿನ ಕುಂಕುಮ ಹಚ್ಚಿದೆವು. ನಮ್ಮ ಭಕ್ತಿಗೆ ಮಿತಿಯೆಲ್ಲಿ? ಅದರ ಫ್ಯಾನಿನ ಜಾಲರಿಯೇ ಮುಚ್ಚಿಹೋಗುವಂತೆ ಚೆಂಡುಹೂವಿನ ಹಾರಗಳನ್ನು ಸುತ್ತಿದೆವು. ಒಂದು ಕಾರು ಆಗಲೇ ಚಾರ್ಜ್ ಆಗುತ್ತಿತ್ತು.

ಆಂಟಿ ಬಂದವರೇ ಚಾರ್ಜರನ್ನು ಮುಟ್ಟಿ, ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು. ಕೆಂಪು ಬಟನ್ ಒತ್ತಿ ಚಾರ್ಜಿಂಗ್ ನಿಲ್ಲಿಸಿದರು. ಆಮೇಲೆ ಹಾರಗಳನ್ನೆಲ್ಲ ಕಿತ್ತರು.

“ಆಂಟಿ, ಪೂಜೆ ಹಾರ ಅದು! ಅಪಶಕುನ!” ಎಂದು ಅಸೋಸಿಯೇಷನ್ ಸೆಕ್ರೆಟರಿ ಕೂಗಿದರು.

“ಬೆಂಕಿ ಹತ್ತಿದ್ರೆ ಅದು ಶುಭಶಕುನಾನೇನ್ರೀ?”

“ಸಂಜೆ ತನಕ ಆದ್ರೂ ಇರ್ಲಿ. ವಾಪಸ್ ಹಾಕ್ಬಿಡಿ.”

ಆಂಟಿ ಹಾಕಿದರು, ತಮ್ಮ ಕೊರಳಿಗೇ. ಚಾರ್ಜರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಹಾರದ ಸಮೇತ ಕಾಲು ಚಾಚಿ ಕೂತರು.

“ಪೂಜೆ ನನಗೇ ಮಾಡಿ. ಅಲ್ಲಿ ಗಾಳಿ ಆಡ್ಲಿ.”