ಜರ್ಮನ್ ಪಿಸ್ತೂಲಿಗೆ ವಿನಾಯಿತಿ

ಚುನಾವಣೆ ಘೋಷಣೆಯಾದರೆ ಕಡಬದ ಪೇಟೆಯಲ್ಲಿ ಮೊದಲು ಗೆಲ್ಲುವವಳು ನಾನು. ತಾಲೂಕು ಕಚೇರಿಯ ದಾರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಮತದಾನ ಮುಗಿಯುವ ತನಕ ಲೈಸನ್ಸ್ ಇರುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆದೇಶ ಬರುತ್ತದೆ. ಬೆಳೆ ಕಾಯಲು ಕೋವಿ ಬೇಕು, ವಿನಾಯಿತಿ ಕೊಡಿ ಎಂದು ಕೃಷಿಕರು ಅರ್ಜಿ ಹಾಕುತ್ತಾರೆ. ಆ ಅರ್ಜಿಗಳನ್ನು ಟೈಪ್ ಮಾಡುವವಳು ನಾನೇ. ಮಂಗ, ಹಂದಿ, ನವಿಲು, ಮುಳ್ಳುಹಂದಿ, ಹೀಗೆ ಕಾಡಿನ ಅರ್ಧ ಜೀವರಾಶಿಯ ಮೇಲೆ ನಾನು ದೂರು ಬರೆದಿದ್ದೇನೆ. ಮಂಗಗಳಿಗೆ ಓದಲು ಬರುತ್ತಿದ್ದರೆ ನನ್ನ ಮೇಲೆ ಮಾನನಷ್ಟದ ಕೇಸು ಹಾಕುತ್ತಿದ್ದವು.

ಇಷ್ಟು ವರ್ಷಗಳಲ್ಲಿ ವಿನಾಯಿತಿ ಬೇಡವೆಂದು ಜಗಳಕ್ಕೆ ನಿಂತವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ನನ್ನ ಸೋದರಮಾವ.

ಆಲಂಕಾರಿನಿಂದ ಒಳಗೆ ಹೋದರೆ ಮಾವನ ಮನೆ. ರಬ್ಬರ್ ತೋಟ, ಎರಡು ದನ, ಕರೆಂಟು ಹೋದರೆ ಕೂಗುವ ಒಂದು ಇನ್ವರ್ಟರು. ಸುತ್ತಮುತ್ತಲಿನ ಮನೆಗಳಲ್ಲಿ ಇರುವುದು ಬರೀ ನಳಿಗೆಗೆ ಮದ್ದು ತುಂಬಿಸಿ ಹೊಡೆಯುವ ಕೇಪಿನ ಕೋವಿ, ಹೆಚ್ಚೆಂದರೆ ಒಂಟಿ ನಳಿಗೆಯದ್ದು. ಮಾವನ ಹತ್ತಿರ ಇದ್ದದ್ದು ಹಳೆಯ ಜರ್ಮನ್ ಪಿಸ್ತೂಲು. ಅದರಿಂದ ಮಂಗ ಓಡಿಸಲು ಆಗುವುದಿಲ್ಲ, ಹಂದಿ ತಿರುಗಿಯೂ ನೋಡುವುದಿಲ್ಲ. ಆದರೂ ಊರಿಗೆಲ್ಲ ತಾನೊಬ್ಬನೇ ಆಯುಧಪಾಣಿ, ಉಳಿದವರೆಲ್ಲ ಕೋಲು ಹಿಡಿದವರು ಎಂಬ ಗತ್ತು ಅವರದ್ದು.

ಅದು ಮನೆಗೆ ಬಂದ ಕತೆ ಕೇಳುವವರನ್ನು ನೋಡಿಕೊಂಡು ಬದಲಾಗುತ್ತಿತ್ತು. ಘಟ್ಟದ ಮೇಲಿನ ಕಾಫಿ ತೋಟದ ಇಂಗ್ಲಿಷ್ ದೊರೆ ಊರು ಬಿಡುವಾಗ ಲೆಕ್ಕ ಬರೆಯುವ ರೈಟರಾಗಿದ್ದ ಅಜ್ಜನಿಗೆ ಕೊಟ್ಟು ಹೋದದ್ದು ಎಂಬುದು ಸಾದಾ ನೆಂಟರಿಗೆ. ಅದೇ ದೊರೆ ಯುದ್ಧದಲ್ಲಿ ಜರ್ಮನ್ ಅಧಿಕಾರಿಯ ಸೊಂಟದಿಂದ ಕಿತ್ತದ್ದು ಎಂಬುದು ಮದುವೆ ಮಾತುಕತೆಗೆ ಬಂದವರಿಗೆ. ಒಮ್ಮೆ ಹೊಸ ಅಳಿಯ ಬಂದಾಗ ಅಜ್ಜನೇ ಯುದ್ಧಕ್ಕೆ ಹೋಗಿ ಬಂದುಬಿಟ್ಟರು. ಅಜ್ಜ ಗುಂಡ್ಯದಿಂದ ಮೇಲೆ ಸಕಲೇಶಪುರ ದಾಟಿದವರೇ ಅಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದಳು.

ಕತೆ ಏನೇ ಇರಲಿ, ವಸ್ತು ಚೆಂದವಾಗಿತ್ತು ಎಂಬುದನ್ನು ಒಪ್ಪಬೇಕು. ತೆಳ್ಳನೆ ನಳಿಗೆ, ಓರೆಯಾದ ಹಿಡಿ. ಹಿಂದಕ್ಕೆ ಎಳೆದರೆ ಮೇಲಿನ ಕೀಲು ಮಂಡಿ ಮಡಿಸಿದ ಹಾಗೆ ಎದ್ದು ನಿಲ್ಲುತ್ತಿತ್ತು. ಮಾವ ಅದಕ್ಕೆ ಮಗುವಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚಿ, ಹಳೆಯ ಮಸ್ಲಿನ್ ಪಂಚೆಯಲ್ಲಿ ಸುತ್ತಿ ಇಡುತ್ತಿದ್ದರು. ಗಂಟಲು ನೋವಿನ ಮಾತ್ರೆಯ ಹಳೆಯ ಡಬ್ಬಿಯೊಂದರಲ್ಲಿ ಹಸಿರು ಕಿಲುಬು ಹಿಡಿದ ನಾಲ್ಕಾರು ಗುಂಡುಗಳಿದ್ದವು. ಆಯುಧಪೂಜೆಯ ದಿನ ರಬ್ಬರ್ ಕತ್ತಿಗೂ ಹುಲ್ಲು ಕೊಚ್ಚುವ ಮೆಷಿನಿಗೂ ನಡುವೆ ಕುಂಕುಮ ಹಚ್ಚಿಕೊಂಡು ಅದು ಮಲಗಿರುತ್ತಿತ್ತು.

ಒಮ್ಮೆ ಬೆಂಗಳೂರಿನಿಂದ ಹಳೆಯ ಪಿಸ್ತೂಲು ಸಂಗ್ರಹಿಸುವ ಒಬ್ಬರು ನೆಲ್ಯಾಡಿಯಲ್ಲಿ ದಾರಿ ಕೇಳಿಕೊಂಡು ಕಾರಿನಲ್ಲಿ ಬಂದಿದ್ದರು. ಬಿಳಿ ಕೈಗವಸು ಹಾಕಿ, ಭೂತಗನ್ನಡಿ ಹಿಡಿದು, ಪಿಸ್ತೂಲಿನ ಒಂದೊಂದು ತುಂಡಿನ ಮೇಲಿನ ನಂಬರನ್ನೂ ಓದಿದರು. ಎಲ್ಲ ತುಂಡುಗಳಲ್ಲೂ ಒಂದೇ ನಂಬರ್ ಇದ್ದರೆ ಮಾತ್ರ ಸಂಗ್ರಹಕಾರರ ಲೋಕದಲ್ಲಿ ಅದಕ್ಕೆ ಮರ್ಯಾದೆಯಂತೆ. ಇದರ ನಳಿಗೆ ಒಂದು ಪಿಸ್ತೂಲಿನದ್ದು, ಕೆಳಗಿನ ಭಾಗ ಇನ್ನೊಂದರದ್ದು ಎಂದು ಅವರು ಬೇಸರದಿಂದ ಹೇಳಿ, ಕಾಫಿ ಕುಡಿದು ಹೋದರು. ಬೇರೆಯವರಾದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಮಾವ ಮರುದಿನದಿಂದ ತನ್ನಲ್ಲಿರುವುದು ಎರಡು ಜರ್ಮನ್ ಪಿಸ್ತೂಲು ಎಂದು ಹೇಳಲು ಶುರು ಮಾಡಿದರು.

ಆ ಪಿಸ್ತೂಲಿನಿಂದ ಮಾವನ ಕೈಯಲ್ಲಿ ಗುಂಡು ಹಾರಿದ್ದು ಒಂದೇ ಸಲ. ಮದುವೆಯಾದ ಹೊಸತರಲ್ಲಿ ಅಡುಗೆಮನೆಗೆ ಎದುರಾದ ಚಾವಡಿಯಲ್ಲಿ ಕುಳಿತು ಒರೆಸುತ್ತಿದ್ದಾಗ, ಒಳಗೆ ಗುಂಡಿಲ್ಲ ಎಂದುಕೊಂಡಿದ್ದಾಗ, ಅದು ಹಾರಿತು. ಅಡುಗೆಮನೆಯ ಹಲಸಿನ ಬಾಗಿಲನ್ನು ತೂತು ಮಾಡಿ, ಒಳಗೆ ಪೇರಿಸಿಟ್ಟಿದ್ದ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗೆ ಹೊಕ್ಕಿತು. ತಪ್ಪಿ ಹಾರಿದ್ದನ್ನು ಬೇರೆ ಯಾರಾದರೂ ಮುಚ್ಚಿಡುತ್ತಿದ್ದರು. ಮಾವ ಬಾಗಿಲು ರಿಪೇರಿ ಮಾಡಿಸಲೇ ಇಲ್ಲ. ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ದು, “ಬೆರಳು ಹಾಕಿ ನೋಡಿ ಮಾರಾಯ್ರೆ, ಹಲಸಿನ ಮರ ಇದು, ಬೆಣ್ಣೆಯ ಹಾಗೆ ತೂತಾಗಿದೆ” ಎನ್ನುತ್ತಿದ್ದರು. ಸಣ್ಣವಳಿದ್ದಾಗ ನಾನೂ ಬೆರಳು ಹಾಕಿ ನೋಡಿದ್ದೆ. ಒಳಗೆ ನುಣ್ಣಗಿತ್ತು, ಅಷ್ಟು ಜನ ಬೆರಳು ಹಾಕಿ ಹಾಕಿ.

ಅತ್ತೆ ಈ ಕತೆಯಲ್ಲಿ ಬರುತ್ತಿರಲಿಲ್ಲ. ಕಾಫಿ ತರಲು ಮಾತ್ರ ಬರುತ್ತಿದ್ದರು, ಅದೂ ಅಡುಗೆಮನೆಯ ಆ ಬಾಗಿಲಿನಿಂದಲ್ಲ. ಹಿಂದಿನ ಬಾಗಿಲಿನಿಂದ ಹೊರಬಿದ್ದು, ಜಗಲಿ ಸುತ್ತಿ, ಮಳೆ ಬರುತ್ತಿದ್ದರೆ ಸೆರಗಿನಿಂದ ಲೋಟ ಮುಚ್ಚಿಕೊಂಡು ಚಾವಡಿಗೆ ಬರುತ್ತಿದ್ದರು. “ನಮ್ಮಲ್ಲಿ ಕಾಫಿ ಪ್ರದಕ್ಷಿಣೆ ಹಾಕಿ ಬರುದು” ಎಂದು ಮಾವ ನಗಿಸುತ್ತಿದ್ದರು. ನಾವೂ ನಗುತ್ತಿದ್ದೆವು.

ಅತ್ತೆಗೆ ಇದ್ದ ಒಂದೇ ಒಂದು ಗೀಳು ಚುನಾವಣೆ. ವರ್ಷಕ್ಕೊಮ್ಮೆಯಾದರೂ ನನಗೆ ಫೋನು ಮಾಡಿ, “ಈ ಸಲ ಎಂತದ್ದೂ ಇಲೆಕ್ಷನ್ ಇಲ್ವಾ ಮಗಾ? ಪಂಚಾಯತಿನದ್ದಾದರೂ?” ಎಂದು ಕೇಳುತ್ತಿದ್ದರು. ಪ್ರಜಾಪ್ರಭುತ್ವದ ಮೇಲೆ ಇಷ್ಟು ಪ್ರೀತಿ ಇರುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಪಿಸ್ತೂಲು ಠಾಣೆಗೆ ಹೋದರೆ ಗಂಡನ ಭಾಷಣದಿಂದ ಬಿಡುವು ಸಿಗುತ್ತದೆ, ಅದಕ್ಕೇ ಈ ಉತ್ಸಾಹ ಎಂದು ನಾನು ಅಂದುಕೊಂಡಿದ್ದೆ.

ಚುನಾವಣೆ ಮಾವನಿಗೂ ಹಬ್ಬವೇ. ಠೇವಣಿಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಪಿಸ್ತೂಲಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಹೊರಡುತ್ತಿದ್ದರು. ಎದುರಿಗೆ ಸಿಕ್ಕವರೆಲ್ಲ ಕೇಳಬೇಕು, ಇವರು “ಎಂತ ಮಾಡುದು, ಸರಕಾರಕ್ಕೆ ಹೆದರಿಕೆ” ಎನ್ನಬೇಕು. ಹಾಗೆ ದಾರಿಯುದ್ದಕ್ಕೂ ಸರಕಾರವನ್ನು ಹೆದರಿಸಿಕೊಂಡೇ ಠಾಣೆ ತಲುಪುತ್ತಿದ್ದರು.

ಈ ಸಲದ ಚುನಾವಣೆಗೆ ಕ್ರಮ ಬದಲಾಯಿತು. ಎಲ್ಲರೂ ತರುವುದು ಬೇಡ, ಯಾರಿಂದ ಅಪಾಯ ಇದೆಯೆಂದು ಕಾಣುತ್ತದೋ ಅವರು ಮಾತ್ರ ಠೇವಣಿ ಇಟ್ಟರೆ ಸಾಕು ಎಂದಾಯಿತು. ಊರಿನ ಪೊಲೀಸಿನವರೊಬ್ಬರು ಮಾವನಿಗೆ ಫೋನು ಮಾಡಿ, ಒಳ್ಳೆಯ ಸುದ್ದಿಯೆಂದೇ ತಿಳಿದು ಹೇಳಿದರಂತೆ: “ನಿಮ್ಮದು ತರುದು ಬೇಡ. ನಿಮ್ಮಿಂದ ಯಾರಿಗೂ ಎಂತದ್ದೂ ಅಪಾಯ ಇಲ್ಲ ಅಂತ ಆಗಿದೆ.”

ಮಾವ ಆ ರಾತ್ರಿ ಊಟ ಮಾಡಲಿಲ್ಲ. ಗಾಯಕ್ಕೆ ಉಪ್ಪು ಸವರಿದ ಹಾಗೆ, ಬೇಲಿ ಜಗಳದಲ್ಲಿ ಕೇಸು ಹಾಕಿಸಿಕೊಂಡಿದ್ದ ಪಕ್ಕದ ಮನೆಯವನಿಗೆ ಮಾತ್ರ ಠೇವಣಿಯ ಆದೇಶ ಬಂತು. ಅವನು ತುಕ್ಕು ಹಿಡಿದ ಕೇಪಿನ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮಾವನ ಗೇಟಿನ ಮುಂದಿನಿಂದಲೇ ಠಾಣೆಗೆ ಹೋದ.

ಮರುದಿನ ಬೆಳಿಗ್ಗೆ ಮಾವ ನನ್ನ ಅಂಗಡಿಗೆ ಬಂದರು. ಹಿಂದೆಯೇ ಅತ್ತೆಯೂ ಇದ್ದದ್ದು ನೋಡಿ ನನಗೆ ಆಶ್ಚರ್ಯ. ಮದುವೆ ಜವಳಿಗಲ್ಲದೆ ಪೇಟೆಗೆ ಇಳಿಯುವವರಲ್ಲ ಅವರು.

“ಟೈಪ್ ಮಾಡು,” ಎಂದರು ಮಾವ. “ನನ್ನಿಂದ ಸಾರ್ವಜನಿಕರಿಗೆ ಅಪಾಯ ಉಂಟು. ಪಿಸ್ತೂಲನ್ನು ಕೂಡಲೇ ವಶಕ್ಕೆ ತೆಗೆದುಕೊಳ್ಳಬೇಕು.”

“ಎಂತ ಅಪಾಯ ಅಂತ ಬರೆಯುದು ಮಾವ?”

“ಎಂತದ್ದಾದರೂ ಹಾಕು. ಮಂಗನಿಗೆ ಹಾಕುದಿಲ್ವಾ ನೀನು?”

ಅತ್ತೆ ಸ್ಟೂಲಿನ ಮೇಲೆ ಕುಳಿತು, “ಬರೆ ಮಗಾ, ಅವರು ಹೇಳಿದ ಹಾಗೇ ಬರೆ” ಎಂದರು. ಈ ಗಂಡ ಹೆಂಡತಿ ಒಂದು ವಿಷಯದಲ್ಲಿ ಒಂದೇ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ. ಬಿಟ್ಟಿ ನಾಟಕವನ್ನು ಯಾರು ತಪ್ಪಿಸಿಕೊಳ್ಳುತ್ತಾರೆ?

ಠಾಣೆಯಲ್ಲಿದ್ದ ಎಸ್ಸೈ ಉತ್ತರ ಕರ್ನಾಟಕದ ಕಡೆಯ ಚಿಕ್ಕ ಪ್ರಾಯದವರು. ಅರ್ಜಿಯನ್ನು ಎರಡು ಸಲ ಓದಿದರು. ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು.

“ಯಜಮಾನ್ರ, ಹಿಂಗ ಬರಕೊಟ್ರ ನಿಮ್ಮ ಮ್ಯಾಲೇ ಕೇಸ್ ಮಾಡಬೇಕಾಗತೈತಿ. ನಿಮಗ ಯಾರ ಅಂಜತಾರ್ರೀ? ಅಂಜೋರು ಒಬ್ಬರರ ಬಂದು ಹೇಳಲಿ, ಈಗ ಇಟ್ಕೋತೀನಿ.”

ಮಾವ ಠಾಣೆಯಲ್ಲಿದ್ದವರನ್ನೆಲ್ಲ ಒಮ್ಮೆ ತಿರುಗಿ ನೋಡಿದರು. ಅಷ್ಟರಲ್ಲಿ ಗೋಡೆ ಬದಿಯ ಬೆಂಚಿನಿಂದ ಅತ್ತೆಯ ಸ್ವರ ಬಂತು.

“ನನಗೆ ಹೆದರಿಕೆ ಉಂಟು.”

ಮಾವನ ಮುಖ ಅರಳಿತು. ಹೆಂಡತಿ ತನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು. ಎದೆ ಉಬ್ಬಿಸಿ ಎಸ್ಸೈಯನ್ನು ನೋಡಿ, “ಕೇಳಿ, ಕೇಳಿ” ಎಂದರು. ನಾನೂ ಹಾಗೇ ಅಂದುಕೊಂಡು ನಗುವುದಕ್ಕೆ ತಯಾರಾಗಿದ್ದೆ.

“ಅದು ಮನೆಯಲ್ಲಿದ್ದರೆ ನನಗೆ ಸರಿ ನಿದ್ದೆ ಬರುದಿಲ್ಲ,” ಎಂದರು ಅತ್ತೆ. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. “ಇಲೆಕ್ಷನ್ ಬಂದರೆ ನಿದ್ದೆ ಬರ್ತದೆ. ನಮ್ಮ ಅಡುಗೆಮನೆ ಬಾಗಿಲಲ್ಲಿ ಒಂದು ತೂತು ಉಂಟು. ಬಂದವರೆಲ್ಲ ಬೆರಳು ಹಾಕಿ ನೋಡ್ತಾರೆ. ಗುಂಡು ಎಲ್ಲಿಗೆ ಹೋಯ್ತು ಅಂತ ಕೇಳ್ತಾರೆ. ಅಕ್ಕಿಮುಡಿಗೆ ಅಂತ ಇವರು ಹೇಳ್ತಾರೆ. ಆಗ ನಾನು ಎಲ್ಲಿದ್ದೆ ಅಂತ ಇವತ್ತಿನವರೆಗೆ ಯಾರೂ ಕೇಳ್ಲಿಲ್ಲ. ಇವರೂ ಕೇಳ್ಲಿಲ್ಲ.”

“ಎಲ್ಲಿದ್ರಿ ತಾಯಿ?” ಎಸ್ಸೈ ಅರ್ಜಿಯನ್ನು ಮೇಜಿನ ಮೇಲಿಟ್ಟರು.

“ಬಾಗಿಲ ಹಿಂದೆಯೇ. ಒಲೆ ಊದ್ಲಿಕ್ಕೆ ಬಗ್ಗಿದ್ದೆ. ತಲೆಯ ಮೇಲಿಂದ ಹೋಯ್ತು. ನಿಂತಿದ್ದರೆ ಅಕ್ಕಿಮುಡಿಗೆ ತಾಗ್ತಿರಲಿಲ್ಲ. ಆಮೇಲೆ ಆ ಬಾಗಿಲಲ್ಲಿ ನನಗೆ ಕಾಲು ಮುಂದೆ ಹೋಗುದಿಲ್ಲ, ಸಾರ್. ಎಷ್ಟು ಸಲ ನೋಡಿದೆ, ಹೋಗುದೇ ಇಲ್ಲ.”

ಆಗ ನನಗೆ ಆ ಕಾಫಿ, ಆ ಜಗಲಿ, ಮಳೆಯಲ್ಲಿ ಸೆರಗು ಮುಚ್ಚಿದ ಲೋಟ ಎಲ್ಲ ಒಟ್ಟಿಗೆ ನೆನಪಾದವು. ಎಷ್ಟು ನಕ್ಕಿದ್ದೆವು ನಾವು. ಮಾವನ ಪಿಸ್ತೂಲಿಗೆ ಹೆದರುವವರು ಈ ತಾಲೂಕಿನಲ್ಲಿ ಒಬ್ಬರಾದರೂ ಇದ್ದಾರೆ ಎಂಬುದು ಕೊನೆಗೂ ಸಾಬೀತಾಗಿತ್ತು. ಮಾವ ಬಯಸಿ ಬಂದದ್ದೂ ಅದನ್ನೇ.

ಅವರು ಮಸ್ಲಿನ್ ಕಟ್ಟನ್ನು ಮೇಜಿನ ಮೇಲಿಟ್ಟರು. ಜೇಬಿನಿಂದ ಮಾತ್ರೆ ಡಬ್ಬಿ ತೆಗೆದು ಅದರ ಪಕ್ಕಕ್ಕಿಟ್ಟರು. ರಶೀದಿ ತೆಗೆದುಕೊಳ್ಳುವುದನ್ನು ಮರೆತು ಹೊರಗೆ ಹೋದರು. ನಾನೇ ತೆಗೆದುಕೊಂಡೆ.

ಮತ ಎಣಿಕೆ ಮುಗಿದು, ಪಕ್ಕದ ಮನೆಯವನು ಕೇಪಿನ ಕೋವಿಯನ್ನು ಮೆರವಣಿಗೆಯಲ್ಲಿ ವಾಪಸು ತಂದ. ಪಿಸ್ತೂಲು ಕೊಂಡುಹೋಗಿ ಎಂದು ಮಾವನಿಗೆ ಠಾಣೆಯಿಂದ ಎರಡು ಮೂರು ಸಲ ಫೋನು ಬಂತು. ಕೊನೆಗೆ ಅವರು ನನ್ನ ಅಂಗಡಿಗೆ ಬಂದು, ಪಿಸ್ತೂಲನ್ನೂ ಲೈಸನ್ಸನ್ನೂ ಸರಕಾರಕ್ಕೇ ಒಪ್ಪಿಸುವ ಅರ್ಜಿ ಟೈಪ್ ಮಾಡಿಸಿದರು. ಕಾರಣ ಏನೆಂದು ಹಾಕಲಿ ಎಂದು ಕೇಳಿದೆ. “ಕಾರಣ ಬೇಡ,” ಎಂದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಬಾಗಿಲಿನ ತೂತಿಗೆ ಹಲಸಿನ ಬಿಲ್ಲೆ ಕೂರಿಸಿ, ಮೇಲೆ ಪಾಲಿಶ್ ಹೊಡೆಸಿದ್ದಾರೆ. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಅತ್ತೆ ಕಾಫಿ ಸೋಸುವುದು ಚಾವಡಿಗೇ ಕಾಣುತ್ತಿತ್ತು. ಲೋಟ ಎತ್ತಿಕೊಂಡು ಅವರು ಆ ಬಾಗಿಲಿನ ಹತ್ತಿರದವರೆಗೆ ಬಂದರು, ಒಂದು ಕ್ಷಣ ನಿಂತರು, ತಿರುಗಿ ಹಿಂದಿನ ಬಾಗಿಲಿನಿಂದ ಹೊರಬಿದ್ದರು. ಹೊರಗೆ ಹನಿ ಬೀಳುತ್ತಿತ್ತು. ಮಾವ ಪ್ರದಕ್ಷಿಣೆಯ ಮಾತು ಎತ್ತಲಿಲ್ಲ. ಎದ್ದು, ಕೊಡೆ ಬಿಡಿಸಿ, ಜಗಲಿಯ ತಿರುವಿನವರೆಗೆ ಹೋಗಿ ನಿಂತರು.