ಸಹಿಯಿಲ್ಲದ ಕೆಂಪು ಗೆರೆ

ಝುಲೀಖಾ ಕುದುರೆ ಲಾಯದಲ್ಲಿ ಓದಿದವಳು. ಯಾರಾದರೂ ಇದನ್ನು ಕುಹಕವಾಗಿ ಆಡಿದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ತಾನೇ ಮುಂದಾಗಿ ಹೇಳಿಕೊಳ್ಳುತ್ತಿದ್ದಳು. ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದೇ ಫ್ರೆಂಚರು ಬಿಟ್ಟುಹೋದ ಅಶ್ವದಳದ ಬಿಡಾರದಲ್ಲಿ. ಅಲ್ಜೀರಿಯಕ್ಕೆ ಸ್ವಾತಂತ್ರ್ಯ ಬಂದು ಆಗ ಎರಡು ವರ್ಷವಾಗಿತ್ತಷ್ಟೆ. ಗೋದಲಿ ಕಿತ್ತು ಬೆಂಚು ಹಾಕಿದರು, ಗೋಡೆಗೆ ಸುಣ್ಣ ಬಳಿದರು. ಏನು ಮಾಡಿದರೂ ಮೊದಲ ಚಳಿಗಾಲವೆಲ್ಲ ಲದ್ದಿಯ ವಾಸನೆ ಹೋಗಲಿಲ್ಲ. ಆ ಲದ್ದಿಯನ್ನು ಹದಿನೇಳು ವರ್ಷ ಬಾಚಿದವನು ಝುಲೀಖಾಳ ಅಪ್ಪ. ಒಂದು ದಿನವೂ ಅವನನ್ನು ಮುಂಬಾಗಿಲಿನಿಂದ ಒಳಗೆ ಬಿಟ್ಟವರಲ್ಲ. ಮಗಳು ಹತ್ತೊಂಬತ್ತನೆಯ ವಯಸ್ಸಿಗೆ ಟೈಪಿಸ್ಟಾಗಿ ಸೇರಿದ ದಿನ ಅದೇ ಮುಂಬಾಗಿಲಿನವರೆಗೆ ಜೊತೆಗೆ ಬಂದು, ತಲೆ ಎತ್ತಿಕೊಂಡು ಹೋಗು ಎಂದು ಹೇಳಿ ಹಿಂದಿರುಗಿದ.

ವಿಶ್ವವಿದ್ಯಾಲಯದ ಮೊಟ್ಟಮೊದಲ ಕೈಪಿಡಿಯನ್ನು ಟೈಪು ಮಾಡಿದವಳು ಅವಳೇ. ಕೈಪಿಡಿ ಎಂದರೆ ಒಂದೇ ಹಾಳೆ. ಕಾನೂನು, ಸಾಹಿತ್ಯ, ನಿಸರ್ಗ ವಿಜ್ಞಾನ, ಎಂಬತ್ತಾರು ವಿದ್ಯಾರ್ಥಿಗಳು, ಕೈರೋ, ದಮಾಸ್ಕಸ್, ಸೋಫಿಯಾಗಳಿಂದ ಬಂದ ಒಂಬತ್ತು ಮಂದಿ ಮೇಷ್ಟ್ರುಗಳು. ಆಮೇಲೆ ಗುಡ್ಡದ ಮೇಲೆ ವೈದ್ಯಕೀಯ ಎದ್ದಿತು, ಎಂಜಿನಿಯರಿಂಗ್ ಬಂತು, ಗೋಧಿ ಬೇಸಾಯಕ್ಕೆ ಒಂದು ಸಂಸ್ಥೆಯೇ ಆಯಿತು. ಪಶುವೈದ್ಯ ವಿಭಾಗ ತೆರೆದಾಗ, ಓಹೋ ಕುದುರೆಗಳು ವಾಪಸ್ಸು ಬಂದವು ಎಂದು ಊರೆಲ್ಲ ನಕ್ಕಿತು. ವಿಶ್ವವಿದ್ಯಾಲಯ ಬೆಳೆದದ್ದು ಝುಲೀಖಾಳಿಗೆ ಕಣ್ಣಿಗಿಂತ ಬೆರಳಿಗೇ ಹೆಚ್ಚು ಗೊತ್ತಿತ್ತು. ೧೯೮೭ರ ಹೊತ್ತಿಗೆ ಕೈಪಿಡಿ ಅರವತ್ತನಾಲ್ಕು ಪುಟವಾಗಿತ್ತು, ಒಂದೊಂದು ಕೋರ್ಸಿಗೂ ಒಂದೊಂದು ಸಂಖ್ಯೆ. ಶಾಲೆಯ ಕೊನೆಯ ಬಾಕ್ ಪರೀಕ್ಷೆ ಪಾಸಾದವರು ಇದನ್ನು ನೋಡಿ ತಮಗೆ ಬೇಕಾದ ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆದು ರಾಜಧಾನಿಗೆ ಕಳಿಸಬೇಕು. ಕೈಪಿಡಿಯಲ್ಲಿದ್ದರೆ ಕೋರ್ಸು ಇದೆ, ಇಲ್ಲದಿದ್ದರೆ ಇಲ್ಲ.

ನಲವತ್ತೊಂದನೆಯ ಸಂಖ್ಯೆ ಸಂಜೆ ವಿಭಾಗದ್ದು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಶಾಲೆ ತಪ್ಪಿಹೋದ ರೈಲ್ವೆಯವರು, ಬೇಕರಿಯವರು, ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಮೂರು ದಿನ ಗೇಟಿನ ಮುಂದೆ ಕೂತು ಪಡೆದ ವಿಭಾಗ ಅದು. ಐದೂವರೆಗೆ ಲಾಯದಲ್ಲಿ ದೀಪ ಹತ್ತುತ್ತಿತ್ತು. ಹಗಲೆಲ್ಲ ದುಡಿದು ಬಂದವರು ರೊಟ್ಟಿ ಮುರಿದು ತಿನ್ನುತ್ತಲೇ ಪಾಠ ಕೇಳುತ್ತಿದ್ದರು. ಝುಲೀಖಾ ಅಲ್ಲೇ ಐದು ವರ್ಷ ಕೂತು ಕಾನೂನು ಪದವಿ ಪಡೆದಳು. ಅಪ್ಪ ಬಾಚಿದ ನೆಲದ ಮೇಲೆಯೇ ಅವಳ ಬೆಂಚಿತ್ತು.

ಪದವಿ ಬಂದ ಮೇಲೆ ಬಡ್ತಿಗೆ ಅರ್ಜಿ ಹಾಕಿದಳು. ಆಗ ಕುಲಸಚಿವರಾಗಿ ಬಂದವರು ಎಲ್ಲರೂ ಗೌರವದಿಂದ 'ಸಿ' ಸೇರಿಸಿ ಕರೆಯುತ್ತಿದ್ದ ಸಿ ಬುವಾಲೆಮ್, ಇಸ್ತ್ರಿ ಕೆಡದ ಮನುಷ್ಯ. ನಮ್ಮ ಕಚೇರಿಗಳಲ್ಲಿ ಫ್ರೆಂಚರು ಬಿಟ್ಟುಹೋದ ಒಂದು ಪದ್ಧತಿಯಿದೆ. ಕಾಗದದಲ್ಲಿ ಏನನ್ನಾದರೂ ಹೊಡೆದುಹಾಕಿದರೆ, ಹೊಡೆದವರು ಅಂಚಿನಲ್ಲಿ ಸಹಿ ಮಾಡಬೇಕು. ಸಹಿಯಿಲ್ಲದಿದ್ದರೆ ಹೊಡೆದದ್ದು ಲೆಕ್ಕಕ್ಕಿಲ್ಲ. ಉಳಿದವರು ಇದನ್ನು ಅಷ್ಟಕ್ಕಷ್ಟೇ ಪಾಲಿಸುತ್ತಿದ್ದರು, ಬುವಾಲೆಮ್ ಮಾತ್ರ ಪ್ರಾಣದಂತೆ ಹಿಡಿದುಕೊಂಡಿದ್ದರು. ಝುಲೀಖಾಳ ಜನನಪತ್ರದಲ್ಲಿ ಪುರಸಭೆಯ ಗುಮಾಸ್ತ ಒಂದು ಅಂಕಿ ತಿದ್ದಿ ಸಹಿ ಮರೆತಿದ್ದ. ಅರ್ಜಿ ಮೂರು ಸಲ ಹಿಂದಕ್ಕೆ ಬಂತು. ಗುಮಾಸ್ತನನ್ನು ಹುಡುಕಿ ಸಹಿ ಹಾಕಿಸಿಕೊಂಡು ಬರುವಷ್ಟರಲ್ಲಿ ಆ ಹುದ್ದೆ ಬುವಾಲೆಮ್‌ರ ಷಡ್ಡಕನಿಗೆ ಹೋಗಿತ್ತು. ಅವಳು ಅಳಲಿಲ್ಲ. ಮಾರನೆಯ ದಿನ ಬಂದು ಟೈಪು ಹೊಡೆದಳು. ಆದರೆ ಆ ಪದ್ಧತಿಯನ್ನು ಮಾತ್ರ ಮನಸ್ಸಿನಲ್ಲಿ ಗಂಟುಹಾಕಿ ಇಟ್ಟುಕೊಂಡಳು.

೧೯೮೭ರ ಜುಲೈಯಲ್ಲಿ ಕೈಪಿಡಿಯ ಕರಡು ಅವಳ ಮೇಜಿಗೆ ಬಂತು. ನಲವತ್ತೊಂದರ ಪುಟದ ಮೇಲೆ ಮೇಲಿಂದ ಕೆಳಗೆ ಒಂದು ಕೆಂಪು ಪೆನ್ಸಿಲ್ ಗೆರೆ. ಕಚ್ಚಾ ತೈಲದ ಬೆಲೆ ಬಿದ್ದಿತ್ತು, ಖರ್ಚು ಕಡಿಮೆ ಮಾಡಿ ಎಂದು ಸರ್ಕಾರ ಹೇಳಿತ್ತು ನಿಜ. ಆದರೆ ಹಿಂದಿನ ಸಂಗತಿ ಬೇರೆ. ಲಾಯ ಕೆಡವಿ ಕಂಪ್ಯೂಟರ್ ಕೇಂದ್ರ ಕಟ್ಟಿಸಿ ಅದರ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಆಸೆ ಬುವಾಲೆಮ್‌ಗೆ. ವಿಭಾಗ ಮುಚ್ಚಬೇಕೆಂದರೆ ಮಂಡಳಿಯಲ್ಲಿ ಚರ್ಚೆಯಾಗಬೇಕು, ಚರ್ಚೆಯಾದರೆ ಗಲಾಟೆ. ಕೈಪಿಡಿಯಿಂದ ಬಿಟ್ಟರೆ ಯಾರೂ ಸೇರುವುದಿಲ್ಲ, ತಾನಾಗಿ ಸಾಯುತ್ತದೆ. ಎಂಥ ತಲೆ ನೋಡಿ! ಗೆರೆ ಎಳೆದವರು ಮಡದಿ ಮಕ್ಕಳೊಂದಿಗೆ ಸಮುದ್ರತೀರಕ್ಕೆ ಹೊರಟುಹೋದರು.

ಅವತ್ತೇ ಮಧ್ಯಾಹ್ನ ಕಸ ಗುಡಿಸುವ ತಸದೀತ್ ಪೊರಕೆಯನ್ನು ಹೊರಗೇ ಬಿಟ್ಟು ಒಳಗೆ ಬಂದಳು. ನಲವತ್ಮೂರು ವರ್ಷದ ಹೆಂಗಸು. ಮೂರು ಸಲ ಬಾಕ್ ಕಟ್ಟಿ ಮೂರು ಸಲವೂ ಡುಮ್ಕಿ. ಅವಳ ಬರಹ ತಿದ್ದಿಕೊಟ್ಟು, ಡುಮ್ಕಿಯಾದಾಗಲೆಲ್ಲ ಬೈದು ಮತ್ತೆ ಕಟ್ಟಿಸಿದವಳು ಝುಲೀಖಾಳೇ. ನಾಲ್ಕನೆಯ ಸಲದ ಫಲಿತಾಂಶ ಅವಳ ಕೈಯಲ್ಲಿತ್ತು. ಝುಲೀಖಾಳನ್ನು ಅವಳು ಅಕ್ಕ ಎನ್ನುವ ಹಾಗೆ ಲಲ್ಲಾ ಎಂದು ಕರೆಯುತ್ತಿದ್ದಳು.

"ಪಾಸಾದೆ ಲಲ್ಲಾ. ನನ್ ಮಗ ನಂಬ್ತಾನೇ ಇಲ್ಲ, ಯಾರ್ದೋ ಹಾಳೆ ಎತ್ಕೊಂಡ್ ಬಂದಿದೀಯ ಅಂತಾನೆ," ಎಂದಳು ತಸದೀತ್. "ಕಾರ್ಡಲ್ಲಿ ಯಾವ ನಂಬರ್ ಬರೀಬೇಕು, ಹೇಳು. ಸಂಜೇದು."

ಝುಲೀಖಾಳ ಕೈ ಕರಡಿನ ಮೇಲಿತ್ತು. ಹಗಲು ಕೆಲಸ ಬಿಟ್ಟು ಓದುವ ಯೋಗ ಈ ಹೆಂಗಸಿಗಿಲ್ಲ. ಈ ವರ್ಷ ತಪ್ಪಿದರೆ ವಿಭಾಗವೂ ಇಲ್ಲ, ಲಾಯವೂ ಇಲ್ಲ. ಅವಳು ಕೆಂಪು ಗೆರೆಯನ್ನು ನೋಡಿದಳು. ಅದರ ಅಂಚನ್ನು ನೋಡಿದಳು. ಹಾಳೆ ತಿರುಗಿಸಿ ಹಿಂಭಾಗವನ್ನೂ ನೋಡಿದಳು. ಸಹಿ ಎಲ್ಲೂ ಇರಲಿಲ್ಲ. ರಜೆಗೆ ಹೊರಡುವ ಗಡಿಬಿಡಿಯಲ್ಲಿ ಮಹಾನುಭಾವರು ಮರೆತಿದ್ದರು.

"ನಲವತ್ತೊಂದು," ಎಂದಳು. "ದೊಡ್ಡದಾಗಿ ಬರಿ."

ಸಂಜೆಯೊಳಗೆ ಆ ಪುಟದ ಸ್ಟೆನ್ಸಿಲ್ ಮುಗಿದಿತ್ತು. ಅವಳು ಟೈಪು ಮಾಡಿದ್ದನ್ನು ಮತ್ತೊಬ್ಬರು ಓದಿ ನೋಡುವ ರೂಢಿಯೇ ಇರಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಆರು ಸಾವಿರ ಪ್ರತಿಗಳು ಐದು ಜಿಲ್ಲೆಗಳ ಶಾಲೆಗಳಿಗೆ ಹೋದವು. ಕರಡನ್ನು ಮಾತ್ರ ಅವಳು ಬಟ್ಟೆಯಲ್ಲಿ ಸುತ್ತಿ ಮನೆಗೆ ತೆಗೆದುಕೊಂಡುಹೋಗಿ ರವೆಯ ಡಬ್ಬದ ಹಿಂದೆ ಇಟ್ಟಳು.

ಸೆಪ್ಟೆಂಬರಿನಲ್ಲಿ ರಾಜಧಾನಿಯಿಂದ ಮೊಹರು ಒತ್ತಿದ ಪಟ್ಟಿ ಬಂತು. ನಲವತ್ತೊಂದಕ್ಕೆ ಇನ್ನೂರ ಹದಿನಾಲ್ಕು ಹೆಸರು. ಬುವಾಲೆಮ್ ಅವಳನ್ನು ಕರೆಸಿದರು. ಸಮುದ್ರದ ಬಿಸಿಲಿಗೆ ಮೊದಲೇ ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಗಿತ್ತು. ನಿನ್ನನ್ನು ಮನೆಗೆ ಕಳಿಸುತ್ತೇನೆ, ಪೊಲೀಸರಿಗೆ ಕೊಡುತ್ತೇನೆ ಎಂದೆಲ್ಲ ಕೂಗಾಡಿದರು. ಆಮೇಲೆ, ಸಂಜೆ ಬರುವವರು ಓದುವುದಕ್ಕೆ ಬರುತ್ತಾರೇನು, ಚಳಿ ಕಾಯಿಸಿಕೊಳ್ಳುವುದಕ್ಕೆ ಬರುತ್ತಾರೆ ಎಂದುಬಿಟ್ಟರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಝುಲೀಖಾ ತಲೆ ಎತ್ತಿದಳು. ಮನೆಯಿಂದ ತಂದಿದ್ದ ಕರಡನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಗೆರೆ ಇದೆ, ಸಿ ಬುವಾಲೆಮ್. ಸಹಿ ಎಲ್ಲಿದೆ?"

"ಅದು ನಾನೇ ಎಳೆದ ಗೆರೆ ಅಂತ ನಿನಗೆ ಗೊತ್ತಿರ್ಲಿಲ್ವಾ? ಬಂದು ಕೇಳ್ಬೋದಿತ್ತು."

"ನನ್ನ ಅರ್ಜಿ ಮೂರು ಸಲ ವಾಪಸ್ ಕಳಿಸಿದ್ರಿ. ನಾನು ಯಾವಾಗ ಹುಟ್ಟಿದ್ದು ಅಂತ ಒಂದು ಸಲಾನಾದ್ರೂ ಕರೆದು ಕೇಳಿದ್ರಾ? ಸಹಿ ಇಲ್ದೆ ಹೊಡೆದದ್ದು ಲೆಕ್ಕಕ್ಕಿಲ್ಲ ಅಂದೋರು ನೀವು. ನಾನು ಅದನ್ನೇ ಟೈಪ್ ಮಾಡಿದೀನಿ. ಮನೆಗೆ ಕಳಿಸಿ, ಬೇಡ ಅನ್ನಲ್ಲ. ಕಳಿಸೋ ಕಾಗದದಲ್ಲಿ ಕಾರಣ ಬರೀಬೇಕಲ್ಲ, ಬರೀರಿ. ಮಂಡಳಿ ಮುಂದೆ ನಾನೇ ಓದ್ತೀನಿ."

ಬುವಾಲೆಮ್ ಕರಡನ್ನು ಎರಡು ಸಲ ತಿರುಗಿಸಿ ನೋಡಿದರು. ಮನೆಗೆ ಕಳಿಸುವ ಧೈರ್ಯವಾಗಲಿಲ್ಲ. ಆದರೂ ಒಳಗಿನ ಕಿಚ್ಚು ಸುಮ್ಮನಿರುತ್ತದೆಯೇ? ವಾರದೊಳಗೆ ಅವಳ ಟೈಪು ಯಂತ್ರವನ್ನು ಕಿತ್ತುಕೊಂಡು, ಹಳೆಯ ಕಡತಗಳಿರುವ ನೆಲಮಾಳಿಗೆಗೆ ತಳ್ಳಿದರು. ಕಿಟಕಿಯಿಲ್ಲದ ಕೋಣೆ. ಮೊದಲ ದಿನ ಅಲ್ಲಿ ಕೂತಾಗ ಬೆರಳುಗಳು ತಾವಾಗಿ ಮೇಜಿನ ಮೇಲೆ ಆಡಿದವು. ಅವಳಿಗೆ ದುಃಖ ಉಕ್ಕಿ ಬಂತು. ಒಂಟಿಯಾಗಿ ಒಂದಿಷ್ಟು ಹೊತ್ತು ಅತ್ತಳು, ತಲೆವಸ್ತ್ರದ ಅಂಚಿನಲ್ಲಿ ಮುಖ ಒರೆಸಿಕೊಂಡಳು, ಕಡತಗಳ ಧೂಳು ಕೊಡವತೊಡಗಿದಳು.

ನೆಲಮಾಳಿಗೆಯ ಕೆಲಸ ಇಷ್ಟೇ: ಮೇಲಿನಿಂದ ಬರುವ ಆದೇಶಗಳನ್ನು ದಾಖಲೆಗೆ ಸೇರಿಸುವುದು. ಅಲ್ಲಿ ಸೇರದೆ ಯಾವ ಆದೇಶವೂ ಜಾರಿಯಾಗುವುದಿಲ್ಲ. ಇದು ಬುವಾಲೆಮ್‌ಗೆ ಹೊಳೆಯಲಿಲ್ಲವೋ, ನೆಲಮಾಳಿಗೆಯಲ್ಲಿರುವವಳು ಏನು ಮಾಡಿಯಾಳು ಎಂದುಕೊಂಡರೋ, ದೇವರಿಗೇ ಗೊತ್ತು.

ಅಕ್ಟೋಬರಿನಲ್ಲಿ ಒಂದು ದಿನ ಮಧ್ಯಾಹ್ನ ಸಂಜೆ ವಿಭಾಗ ತೆರೆಯುವ ಆದೇಶವನ್ನು ಜವಾನ ಕೆಳಗೆ ತಂದ. ಮೊದಲ ಪಾಠ ಅವತ್ತೇ. ತಸದೀತ್ ಹೊಸ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಝುಲೀಖಾ ಓದಿದಳು. ಹೊಸ ಟೈಪಿಸ್ಟು 'ಸಂಜೆ' ಎನ್ನುವಲ್ಲಿ 'ಹಗಲು' ಎಂದು ಹೊಡೆದಿದ್ದಳು. ಯಾರೋ ಅದನ್ನು ಪೆನ್ನಿನಲ್ಲಿ ಹೊಡೆದುಹಾಕಿ ಮೇಲೆ ಸರಿಯಾಗಿ ಬರೆದಿದ್ದರು. ಪುಟದ ಕೆಳಗೆ ಬುವಾಲೆಮ್‌ರ ಸಹಿಯಿತ್ತು. ಅಂಚು ಮಾತ್ರ ಬರಿದಾಗಿತ್ತು.

ಅವಳು ಹಾಳೆಯನ್ನು ಜವಾನನ ಕೈಗೆ ಹಿಂದಕ್ಕೆ ಕೊಟ್ಟಳು.

"ಅಯ್ಯೋ ಲಲ್ಲಾ, ಬಂದಿರೋದನ್ನ ಯಾಕೆ ವಾಪಸ್ ಕಳಿಸ್ತೀಯಾ," ಎಂದಳು ತಸದೀತ್. ಅವಳ ಮುಖ ಬಿಳಿಚಿಕೊಂಡಿತ್ತು.

"ಹೀಗೇ ಬಿಟ್ರೆ, ನಾಳೆ ಇದೇ ಹಾಳೆ ಹಿಡ್ಕೊಂಡು ಅದು ಸಂಜೆ ಅಲ್ಲ, ಹಗಲು ಅಂತಾರೆ. ನಿನ್ನನ್ನ ಬೆಂಚಿಂದ ಎಬ್ಬಿಸ್ತಾರೆ," ಎಂದಳು ಝುಲೀಖಾ. ಜವಾನನಿಗೆ ಹೇಳಿದಳು: "ಮೇಲೆ ಹೋಗಿ ಹೇಳು, ನೆಲಮಾಳಿಗೆಯೋಳು ಅಂಚಲ್ಲಿ ಸಹಿ ಕೇಳ್ತಾಳೆ ಅಂತ."

ಜವಾನ ಹೋದ. ಇಬ್ಬರೂ ಕಾದರು. ಐದು ಗಂಟೆ ದಾಟಿತು, ಐದೂಕಾಲಾಯಿತು. ತಸದೀತ್ ಚೀಲದ ಪಟ್ಟಿಯನ್ನು ತಿರುಚುತ್ತಲೇ ಇದ್ದಳು. ಕೊನೆಗೆ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಜವಾನನದಲ್ಲ, ಬೂಟಿನ ಸದ್ದು. ಸಿ ಬುವಾಲೆಮ್ ತಾವೇ ಇಳಿದುಬಂದಿದ್ದರು. ಹಾಳೆಯನ್ನು ಮೇಜಿನ ಮೇಲಿಟ್ಟು, ಜೇಬು ತಡಕಿದರು. ಪೆನ್ನು ಮೇಲೆಯೇ ಉಳಿದಿತ್ತು.

ಝುಲೀಖಾ ತನ್ನ ಪೆನ್ನನ್ನು ಮುಂದೆ ಚಾಚಿದಳು. ಅವರು ಬಗ್ಗಿ ಅಂಚಿನಲ್ಲಿ ಸಹಿ ಮಾಡಿದರು. ಅವಳು ಶಾಯಿ ಒಣಗುವವರೆಗೆ ಕಾದು, ದಾಖಲೆ ಪುಸ್ತಕದಲ್ಲಿ ಸಂಖ್ಯೆ ಬರೆದು, ಮೊಹರು ಒತ್ತಿದಳು. ಆಮೇಲೆ ತಸದೀತ್ ಕಡೆ ತಿರುಗಿದಳು.

"ಹೋಗು. ಎರಡನೇ ಸಾಲಲ್ಲಿ ಕಂಬದ ಪಕ್ಕ ನನ್ನ ಬೆಂಚಿದೆ. ಮುಂಬಾಗಿಲಿಂದ ಹೋಗು."