ಮೋಟಾರು ಸುತ್ತುವ ಜಕೀವುಲ್ಲಾನ ವಿಮಾನದ ಕಾರ್ಡು

ಭಾರತೀನಗರದಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಟೈರು ಅಂಗಡಿಯ ಪಕ್ಕ, ಜಕೀವುಲ್ಲಾನ ಮೋಟಾರು ವೈಂಡಿಂಗ್ ಅಂಗಡಿ ಇದೆ. ನಮ್ಮ ಬೋರಿನ ಮೋಟಾರು ಸುಟ್ಟಾಗಲೆಲ್ಲ ಅಲ್ಲಿಗೇ ಹೊತ್ತುಕೊಂಡು ಹೋಗುತ್ತೇವೆ. ನಮ್ಮ ಯಜಮಾನರು ಇದ್ದಾಗ ಅವರು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ನಾನೇ ಹೋಗುತ್ತೇನೆ.

ತಾಮ್ರದ ತಂತಿ ಸುತ್ತುವಾಗ ಜಕೀವುಲ್ಲಾ ಮಾತಾಡುವುದಿಲ್ಲ. ಸುಟ್ಟ ತಂತಿಯ ಕಾಯಿಲು ಬಿಚ್ಚಿ, ಅದರಲ್ಲಿ ಎಷ್ಟು ಸುತ್ತು ಇತ್ತೆಂದು ಎಣಿಸಿ, ರಟ್ಟಿನ ಮೇಲೆ ಬರೆದಿಟ್ಟುಕೊಂಡು, ಹೊಸ ತಂತಿಯನ್ನು ಅಷ್ಟೇ ಸುತ್ತಬೇಕು. ಒಂದು ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ನಡುವೆ ಯಾರು ಕರೆದರೂ ಎಡಗೈ ಎತ್ತುತ್ತಾನೆ, ತಡೆಯಿರಿ ಎಂದು. ಒಂದು ಸಲ ಪೊಲೀಸಿನವರು ಬಂದು ಕರೆದಾಗಲೂ ಎಡಗೈಯನ್ನೇ ಎತ್ತಿದ್ದ. ಅವರೂ ನಿಂತರು.

ಅವನ ಮಜೂರಿಯನ್ನು ನಾವು ಕೊಡುವುದು ಕಬ್ಬಿನ ದುಡ್ಡು ಬಂದ ಮೇಲೆ. ಅವನ ಅಪ್ಪನ ಕಾಲದಿಂದಲೂ ಹಾಗೇ. ಮೋಟಾರು ಆಷಾಢದಲ್ಲಿ ಸುಡಲಿ, ಕಾರ್ತೀಕದಲ್ಲಿ ಸುಡಲಿ, ಕಬ್ಬು ಕಟಾವಾಗಿ, ಕಾರ್ಖಾನೆಯಿಂದ ದುಡ್ಡು ಬಂದಮೇಲೆ ಹೋಗಿ ಕೊಟ್ಟು ಬರುತ್ತೇವೆ. ಗೊಬ್ಬರದ ಅಂಗಡಿಗೂ ಹಾಗೇ, ಬಟ್ಟೆ ಅಂಗಡಿಗೂ ಹಾಗೇ. ಇಲ್ಲಿ ಅದನ್ನು ಯಾರೂ ಸಾಲ ಎನ್ನುವುದಿಲ್ಲ. ಕಬ್ಬು ನಿಂತಿದೆ, ದುಡ್ಡು ಬರುತ್ತದೆ, ಅಷ್ಟೇ.

ಅವನ ತಾಯಿ ಜೈನಾಬ್ ಬೀ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತೇನೆ. ಮೋಟಾರಿನ ಸಂದುಗಳಿಗೆ ತುಂಬುವ ದಪ್ಪ ಕಾಗದವನ್ನು ಅಳತೆಗೆ ಕತ್ತರಿಸಿ ಮಗನಿಗೆ ಕೊಡುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಹೋದ ವರ್ಷಕ್ಕೂ ಹಿಂದಿನ ವರ್ಷ, ಮೇ ತಿಂಗಳಲ್ಲಿ, ಅವಳು ಕತ್ತರಿಸಿದ ಕಾಗದ ಒಂದೊಂದು ಒಂದೊಂದು ಅಳತೆಗೆ ಬರತೊಡಗಿತು. ಮಗ ಅವಳಿಗೆ ಕಾಣದ ಹಾಗೆ ಮತ್ತೆ ಕತ್ತರಿಸಿಕೊಳ್ಳುತ್ತಿದ್ದ. ಒಂದು ದಿನ ಅವಳು ಕತ್ತರಿ ಕೆಳಗಿಟ್ಟು, "ಬಳೆಯೊಳಗಿಂದ ನೋಡ್ದಂಗೆ ಕಾಣ್ತದೆ ಹೊಂಬಾಳು. ಸುತ್ತ ಏನೂ ಇಲ್ಲ" ಎಂದು ನನಗೆ ಹೇಳಿದಳು.

ಮಂಡ್ಯದ ಕಣ್ಣಿನ ಡಾಕ್ಟರಲ್ಲಿಗೆ ನಾನೂ ಜೊತೆಗೆ ಹೋಗಿದ್ದೆ. ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದದ್ದು ಮತ್ತೆ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಸ್ವಲ್ಪ ನಿಧಾನಕ್ಕೆ ಹೋಗುತ್ತದೆ ಎಂದರು. ಆಮೇಲೆ ಜಕೀವುಲ್ಲಾನನ್ನು ನೋಡಿ, "ಅಮ್ಮಂಗೆ ತೋರಿಸಬೇಕಾದ್ದು ಏನಾದರೂ ಇದ್ದರೆ ಒಂದು ವರ್ಷದೊಳಗೆ ತೋರಿಸಿಬಿಡಿ" ಎಂದರು.

ಬಸ್ಸು ಮದ್ದೂರು ದಾಟಿತು. ಆಮೇಲೆ ಜಕೀವುಲ್ಲಾ ಕೇಳಿದ, "ಅಮ್ಮಾ, ಏನ್ ನೋಡ್ಬೇಕು ನಿಂಗೆ?"

"ಕಾಬಾ" ಎಂದಳು. ಮೆಕ್ಕಾದ ಆ ಪವಿತ್ರ ಮನೆಗೆ ಅವಳ ಗಂಡ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಲೇ ತೀರಿಕೊಂಡಿದ್ದರು.

ತಾಯಿ ಮಗ ಇಬ್ಬರೂ ಮೆಕ್ಕಾಕ್ಕೆ ಹೋಗಿ ಉಮ್ರಾ ಯಾತ್ರೆ ಮಾಡಿ ಬರಲು ಎರಡು ಲಕ್ಷಕ್ಕೂ ಮೇಲೆ ಬೇಕಿತ್ತು. ಅವನಲ್ಲಿ ಒಂದೂವರೆ ಲಕ್ಷ ಇತ್ತು.

ಆ ದಿನಗಳಲ್ಲಿ ದೀಪಿಕ ಎಂಬ ಹುಡುಗಿ ಪೆಟ್ರೋಲ್ ಬಂಕಿನ ಪಕ್ಕ ಕೊಡೆ ಹಾಕಿ, ಮೇಜು ಇಟ್ಟುಕೊಂಡು ಕೂರುತ್ತಿದ್ದಳು. ಮಂಡ್ಯದವಳು, ಬ್ಯಾಂಕುಗಳ ಕಾರ್ಡು ಮಾಡಿಸಿಕೊಡುವ ಕೆಲಸ. ಅವಳ ಮೇಜಿನ ಮೇಲೆ ವಿಮಾನದ ಚಿತ್ರ. ಆ ಕಾರ್ಡಿನಲ್ಲಿ ಸಾಮಾನು ಕೊಂಡರೆ ಪಾಯಿಂಟು ಬರುತ್ತದೆ, ಪಾಯಿಂಟು ಕೊಟ್ಟರೆ ವಿಮಾನದ ಟಿಕೆಟ್ಟು ಕೊಡುತ್ತಾರೆ. ನಮ್ಮೂರಿನ ನಿಂಗಯ್ಯ ಬೈಕು ನಿಲ್ಲಿಸಿ ಕೇಳಿದ್ದ:

"ಏನವ್ವಾ, ಕಾರ್ಡ್ ಮಾಡ್ಸುದ್ರೆ ಏರೋಪ್ಲೇನು ಗದ್ದೆ ತಾವ್ಕೇ ಬತ್ತದಾ?"

"ಬರಲ್ಲ ಮಾವ. ನೀವೇ ಎದ್ದು ಹೋಗಬೇಕು. ನಿಮ್ಮ ಬೈಕಿಗೆ ಪೆಟ್ರೋಲು ಹಾಕಿಸಿದರೂ ಪಾಯಿಂಟು ಬರಲ್ಲ, ಅದನ್ನೂ ಮೊದಲೇ ಹೇಳಿಬಿಡ್ತೀನಿ."

ಸುಳ್ಳು ಹೇಳುವ ಹುಡುಗಿಯಲ್ಲ. ಜಕೀವುಲ್ಲಾ ಮೂರು ದಿನ ಹೋಗಿ ಕೂತು ಕೇಳಿದ. ವರ್ಷಕ್ಕೆ ಎಷ್ಟು ಕಟ್ಟಬೇಕು ಎಂದು ಕೇಳಿದ. ಪಾಯಿಂಟು ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕೇಳಿದ. ಕಾರ್ಡು ನನ್ನ ಹೆಸರಲ್ಲಿದ್ದರೆ ಅಮ್ಮನಿಗೆ ಟಿಕೆಟ್ಟು ತೆಗೆಯಬಹುದಾ ಎಂದು ಕೇಳಿದ. ತೆಗೆಯಬಹುದು, ಆದರೆ ತೆರಿಗೆ ಕೈಯಿಂದ ಕಟ್ಟಬೇಕು ಎಂದು ಅವಳು ಹೇಳಿದಳು. ಬಡ್ಡಿ ಇದೆಯಾ ಎಂದು ಎರಡು ಸಲ ಕೇಳಿದ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಒಂದು ಪೈಸೆ ಬಡ್ಡಿ ಇಲ್ಲ ಎಂದಳು. ಬಡ್ಡಿ ತೆಗೆದುಕೊಳ್ಳುವುದೂ ಕೊಡುವುದೂ ಅವರಲ್ಲಿ ಪಾಪ. ಅಪ್ಪನಿಂದ ಅಂಗಡಿ ವಹಿಸಿಕೊಂಡಾಗಲೂ ಅವನು ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ.

ಅದೇ ತೊಡಕಾಯಿತು. ಅರ್ಜಿ ಹಾಕಿದ ವಾರಕ್ಕೆ ಇಲ್ಲ ಎಂದು ಬಂತು. ಸಿಟ್ಟಿಗೆ ಫೋನಿನಲ್ಲೇ ಇನ್ನೆರಡು ಬ್ಯಾಂಕಿಗೆ ಹಾಕಿದ. ಅವರೂ ಇಲ್ಲ ಎಂದರು.

"ಯಾಕಣ್ಣ ಸಾಲಾಗಿ ಹಾಕಿದ್ರಿ? ಒಂದೊಂದು ಅರ್ಜಿಗೂ ನಿಮ್ಮ ಹೆಸರಿನ ಮುಂದೆ ಒಂದೊಂದು ಕೆಟ್ಟ ಗುರುತು ಬೀಳತ್ತೆ" ಎಂದು ದೀಪಿಕ ತಲೆ ಚಚ್ಚಿಕೊಂಡಳು. "ನೀವು ಯಾವತ್ತೂ ಸಾಲ ತಗೊಂಡಿಲ್ಲ. ತಗೊಂಡು ತೀರಿಸಿದ್ದರೆ ತಾನೆ ನಿಮ್ಮನ್ನು ನಂಬೋದು."

"ಯಾರ್ ತಾವೂ ಕೈ ಚಾಚಿಲ್ಲ ಅನ್ನೋದೇ ನನ್ ತಪ್ಪಾ?"

"ಬ್ಯಾಂಕಿನ ಲೆಕ್ಕದಲ್ಲಿ ಹೌದಣ್ಣ."

ಕೊನೆಗೆ ಅವಳೇ ದಾರಿ ತೋರಿಸಿದಳು. ಆ ಒಂದೂವರೆ ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಅದರ ಆಧಾರದ ಮೇಲೆ ಕಾರ್ಡು ಕೊಡುತ್ತಾರೆ, ಒಂದು ಲಕ್ಷ ಇಪ್ಪತ್ತು ಸಾವಿರದವರೆಗೆ ಬಳಸಬಹುದು. ತೊಂಬತ್ತು ದಿನದಲ್ಲಿ ಒಂದು ಲಕ್ಷ ಬಳಸಿದರೆ, ಇಬ್ಬರು ಹೋಗುವ ದಾರಿಗೆ ಆಗುವಷ್ಟು ಪಾಯಿಂಟು ಒಟ್ಟಿಗೇ ಬರುತ್ತದೆ. ಬರುವ ದಾರಿಗೆ, ಉಳಿಯುವುದಕ್ಕೆ, ಠೇವಣಿ ಬಿಡಿಸಿಕೊಂಡರೆ ಸಾಕು. ಠೇವಣಿಗೆ ಬರುವ ಬಡ್ಡಿಯನ್ನು ಮುಟ್ಟದೆ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಅವನು ತಾಯಿಗೆ ಮಾತು ಕೊಟ್ಟ. ಡಿಸೆಂಬರಿಗೆ ಹೊರಡುವುದು ಎಂದಾಯಿತು.

ಜುಲೈ ತಿಂಗಳಲ್ಲಿ ಕಾರ್ಡು ಬಂತು. ಮೊದಲು ಇಪ್ಪತ್ತನಾಲ್ಕು ಸಾವಿರಕ್ಕೆ ತಾಮ್ರದ ತಂತಿ ತಂದ. ಅದಕ್ಕೂ ಹೆಚ್ಚು ತಂತಿ ಮಳೆಗಾಲದಲ್ಲಿ ಯಾರಿಗೂ ಬೇಡ. ಆಗ ಅವನಿಗೆ ಹೊಳೆದದ್ದು, ನಮ್ಮ ಗೊಬ್ಬರಕ್ಕೆ, ಪೈಪಿಗೆ, ಟ್ರ್ಯಾಕ್ಟರಿನ ವಿಮೆಗೆ ಅವನೇ ಕಾರ್ಡು ಉಜ್ಜಿಬಿಡುವುದು. ನಾವು ಅವನ ಕೈಗೆ ದುಡ್ಡು ಕೊಡುವುದು. ನಮಗೂ ಕೆಲಸವಾಯಿತು, ಅವನಿಗೂ ಪಾಯಿಂಟು. ಒಂಬತ್ತು ಮನೆಯವರು ಒಪ್ಪಿದೆವು. ಎಪ್ಪತ್ತೆಂಟು ಸಾವಿರದ ಇನ್ನೂರು ಆಯಿತು. ಅದರಲ್ಲಿ ನನ್ನದು ಆರು ಸಾವಿರದ ಎಂಟುನೂರ ಐವತ್ತು.

ದುಡ್ಡು ಯಾವಾಗ ಎಂದು ಅವನು ಕೇಳಲಿಲ್ಲ. ಯಾವಾಗ ಎಂದು ನಾವೂ ಹೇಳಲಿಲ್ಲ. ಕಬ್ಬಿನ ದುಡ್ಡು ಬಂದ ಮೇಲೆ ಎಂಬುದು ಎರಡು ಕಡೆಗೂ ಗೊತ್ತಿತ್ತು.

ಇನ್ನೊಂದು ಬರೆಯಬೇಕು. ನನ್ನ ಹತ್ತಿರ ದುಡ್ಡು ಇತ್ತು. ಡೈರಿಗೆ ಹಾಲು ಹಾಕಿದ್ದು, ಏಳು ಸಾವಿರ, ಬೀರುವಿನಲ್ಲಿ ಸೀರೆಯ ಕೆಳಗೆ. ಎಲ್ಲರೂ ಕಬ್ಬು ಕಳೆದ ಮೇಲೆ ಕೊಡುವಾಗ ನಾನೊಬ್ಬಳು ಮೊದಲೇ ಯಾಕೆ ಕೊಡಬೇಕು ಎಂದು ಇಟ್ಟುಕೊಂಡೆ.

ಕಾರ್ಡಿನವರು ತಿಂಗಳು ತಿಂಗಳು ಚೀಟಿ ಕಳಿಸಿದರು. ಅದರಲ್ಲಿ ಎರಡು ಮೊತ್ತ ಇರುತ್ತಿತ್ತು, ಪೂರ್ತಿ ಎಷ್ಟು, ಕನಿಷ್ಠ ಎಷ್ಟು ಎಂದು. ಕನಿಷ್ಠ ಐದು ಸಾವಿರದ ಚಿಲ್ಲರೆ. ಈಗ ಇಷ್ಟು ಕೇಳುತ್ತಿದ್ದಾರೆ, ಉಳಿದದ್ದನ್ನು ಸುಗ್ಗಿಗೆ ಕೊಟ್ಟರಾಯಿತು ಎಂದುಕೊಂಡು ಅವನು ಒಂದು ದಿನವೂ ತಪ್ಪದೆ ಆ ಕನಿಷ್ಠವನ್ನು ಕಟ್ಟಿದ. ದೀಪಿಕ ಗಡುವು ಹೇಳಿದ್ದಳು, ಅವನು ಮರೆತಿರಲೂ ಇಲ್ಲ. ಆದರೆ ಹುಟ್ಟಿದಾಗಿನಿಂದ ಅವನು ಕಂಡ ಗಡುವೆಲ್ಲ ಕಬ್ಬಿನ ಜೊತೆ ಹಿಂದೆ ಮುಂದೆ ಆಗುವಂಥದ್ದು. ಸ್ವಲ್ಪ ಕೊಟ್ಟವನಿಗೆ ಉಳಿದದ್ದಕ್ಕೆ ಇಲ್ಲಿ ಯಾರೂ ಬಡ್ಡಿ ಹಾಕಿದ್ದಿಲ್ಲ.

ದೀಪಾವಳಿ ಕಳೆದ ಮಾರನೇ ದಿನ ದೀಪಿಕ ಅಂಗಡಿಗೆ ಬಂದಳು. ನಾನು ಅಲ್ಲೇ ಇದ್ದೆ, ಜೈನಾಬಕ್ಕನ ಪಕ್ಕ ಸ್ಟೂಲಿನ ಮೇಲೆ. ಅಕ್ಕ ಕಾಗದ ಬಿಟ್ಟು, ಕೈ ತಡವಿಕೊಂಡು ಕಾಯಿಲಿಗೆ ದಾರ ಕಟ್ಟುವುದನ್ನು ಕಲಿತಿದ್ದಳು.

"ಅಣ್ಣ, ಪಾಯಿಂಟೆಲ್ಲ ಬಂದಿರಬೇಕಲ್ಲ? ನೋಡೋಣ ಕೊಡಿ" ಎಂದು ಅವನ ಫೋನು ತೆಗೆದುಕೊಂಡಳು. ಮೇಲಕ್ಕೂ ಕೆಳಕ್ಕೂ ಎರಡು ಸಲ ಸರಿಸಿ ನೋಡಿದಳು. ಅವನು ಸುತ್ತುತ್ತಿದ್ದ.

"ಅಣ್ಣ, ಪಾಯಿಂಟು ಬಂದಿದೆ. ಆದರೆ ನೀವು ಬರೀ ಕನಿಷ್ಠ ಕಟ್ಟಿದ್ದೀರಿ. ಉಳಿದದ್ದಕ್ಕೆಲ್ಲ ಬಡ್ಡಿ ಹಾಕಿದ್ದಾರೆ. ಕೊಂಡ ದಿನದಿಂದ."

ಎಡಗೈ ಏಳಲಿಲ್ಲ. ತಂತಿ ನಿಂತಿತು. ಎಷ್ಟನೇ ಸುತ್ತಿನಲ್ಲಿದ್ದನೋ ಅದು ಹೋಯಿತು. ಹಾಗಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಎಷ್ಟು?"

"ಹನ್ನೆರಡು ಸಾವಿರದ ನಾನೂರ ಮೂವತ್ತು."

ಅವನು ಹೆದರಿದ್ದು ದುಡ್ಡು ಹೋಯಿತೆಂದಲ್ಲ, ಬಡ್ಡಿ ಕೊಟ್ಟೆನೆಂದು. ನನಗದು ಜೈನಾಬಕ್ಕನ ಮುಖ ನೋಡಿದಾಗ ತಿಳಿಯಿತು. ಅವಳು ದಾರವನ್ನು ಗಂಟು ಹಾಕದೆ ಹಾಗೇ ಹಿಡಿದುಕೊಂಡು, "ಆ ಟಿಕೆಟ್ಟಲ್ಲಿ ನಾನು ಓಗಲ್ಲ ಕಣಪ್ಪ" ಎಂದಳು.

"ಅಮ್ಮಾ, ಪಾಯಿಂಟ್ ಬಂದಿರೋದು ಸಾಮಾನು ಕೊಂಡಿದ್ದಕ್ಕೆ, ಬಡ್ಡಿಗಲ್ಲ."

"ಎರಡೂ ಒಂದೇ ಚೀಟೀಲಿ ಬಂದಿಲ್ವಾ?"

ಅವನು ಮಸೀದಿಯ ಹಿರಿಯರನ್ನು ಕೇಳಿ ಬಂದ. ಗೊತ್ತಿಲ್ಲದೆ ಆದದ್ದು, ಹೋಗಬಹುದು ಎಂದರಂತೆ. ನಾನೂ ಹೇಳಿದೆ, ಹೋಗಕ್ಕ, ಕಣ್ಣು ಕಾಯಲ್ಲ ಎಂದು.

"ಅವ್ರು ಒಳ್ಳೆವ್ರು, ಓಗ್ಲಿ ಅಂತಾರೆ. ಅಲ್ಲಿ ಓಗಿ ನಿಂತ್ಕೊಳೋಳು ನಾನಲ್ವಾ ಹೊಂಬಾಳು? ನನ್ ಮನಸ್ಸು ಅಲ್ಲಿ ಈ ಹನ್ನೆರಡು ಸಾವಿರ ಎಣಿಸ್ತಾ ಕೂತ್ರೆ, ಕಣ್ಣಿದ್ದು ಏನ್ ನೋಡ್ಲಿ?"

ಅವನು ಠೇವಣಿ ಮುರಿದು ಕಾರ್ಡಿನ ಬಾಕಿ ಪೂರ್ತಿ ತೀರಿಸಿ, ಕಾರ್ಡು ರದ್ದು ಮಾಡಿಸಿದ. ಪಾಯಿಂಟು ಬಿಡಬೇಡಿ ಅಣ್ಣ, ಬೇರೆ ಯಾರಿಗಾದರೂ ಟಿಕೆಟ್ಟು ಮಾಡಿಸಿ ಎಂದು ದೀಪಿಕ ಅಳುವಂತಾಗಿ ಹೇಳಿದಳು. "ನಂಗೆ ಬ್ಯಾಡದ್ದನ್ನ ಇನ್ನೊಬ್ರಿಗೆ ಯಾಕವ್ವ ಕೊಡ್ಲಿ" ಎಂದ. ಕಾರ್ಡಿನ ಜೊತೆ ಅವೂ ಹೋದವು.

ಆ ಸಂಜೆಯೇ ನಾನು ಬೀರು ತೆಗೆದು, ನನ್ನ ಆರು ಸಾವಿರದ ಎಂಟುನೂರ ಐವತ್ತನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಜೊತೆಗೆ ಬಡ್ಡಿಯಲ್ಲಿ ನನ್ನ ಪಾಲೆಂದು ಒಂದು ಸಾವಿರ ಇಟ್ಟೆ. ಅವನು ಸಾವಿರವನ್ನು ಹಿಂದಕ್ಕೆ ತಳ್ಳಿದ.

"ಬಡ್ಡಿ ಕೊಟ್ಟಿದ್ದೂ ಆಯ್ತು, ಈಗ ಈಸ್ಕೊಳೋದೂ ಆಗ್ಬೇಕಾ ಚಿಕ್ಕವ್ವ?"

ಆ ಸಾವಿರವನ್ನು ನನಗೆ ಇವತ್ತಿಗೂ ತೀರಿಸಲು ಆಗಿಲ್ಲ.

ಮಾರನೇ ದಿನದಿಂದ ಉಳಿದ ಎಂಟು ಮನೆಗೆ ಹೋದೆ. ವಿಷಯ ಕೇಳಿ ಐದು ಮನೆಯವರು ಅದೇ ವಾರ ಕೊಟ್ಟರು. ಇನ್ನಿಬ್ಬರು ಕುರಿ ಮಾರಿ ಕೊಟ್ಟರು. ನಿಂಗಯ್ಯ ಮಾತ್ರ ಜಗಲಿಯ ಮೇಲೆ ಕಾಲು ಚಾಚಿಕೊಂಡು, "ಕಬ್ಬೇ ಕಡ್ದಿಲ್ಲ, ದುಡ್ಡೆಲ್ಲಿಂದ ತರ್ಲಿ ಹೊಂಬಾಳಕ್ಕ? ಜನವರಿಗ್ ಬತ್ತದೆ, ಬುಡು" ಎಂದ.

"ಸರಿ ಕಣಪ್ಪ, ಬರ್ಲಿ" ಎಂದು ನಾನೂ ಆ ಜಗಲಿಯ ಮೇಲೆ ಕೂತೆ.

"ಏನಕ್ಕ, ಜನವರಿಗಂಟ ಇಲ್ಲೇ ಕೂತಿರ್ತೀಯಾ?"

"ನಂಗೇನು ಕೆಲ್ಸ ಅದೆ ಮನೇಲಿ? ಹಸುಗೆ ಹುಲ್ಲು ಹಾಕೇ ಬಂದಿವ್ನಿ."

ಮಧ್ಯಾಹ್ನ ಅವನ ಹೆಂಡತಿ ಬೆಳ್ಳಮ್ಮ ನನಗೂ ಮುದ್ದೆ ಬಡಿಸಿದಳು, ಉಂಡೆ. ಮತ್ತೆ ಬಂದು ಕೂತೆ. ಮೂರನೇ ದಿನ ಅವಳೇ ಒಳಗಿನಿಂದ ಹೆಂಗಸರ ಸಂಘದ ದುಡ್ಡು ತಂದು ನನ್ನ ಮಡಿಲಿಗೆ ಹಾಕಿ, "ತಗಂಡೋಗಕ್ಕ. ಮುದ್ದೆ ಲೆಕ್ಕ ಆಮೇಲೆ ಮಾಡನ" ಎಂದಳು.

ಎಲ್ಲರದೂ ಬಂದು ಸೇರಿದರೂ, ಬಡ್ಡಿಯೂ ತಂತಿಗೆ ಹಾಕಿದ್ದೂ ಕಳೆದು, ಇಬ್ಬರ ಖರ್ಚಿಗೆ ಒಂದು ಲಕ್ಷದ ಹತ್ತಿರ ಕಮ್ಮಿ ಬಿತ್ತು. ಡಿಸೆಂಬರ್ ಹೋಯಿತು. ಜಕೀವುಲ್ಲಾ ಬೇಸಿಗೆಗೆ ಕಾದ. ಬೇಸಿಗೆಯಲ್ಲಿ ಕರೆಂಟು ಇಳಿದು ಮೋಟಾರು ಹೆಚ್ಚು ಸುಡುತ್ತವೆ. ಮಾರ್ಚಿನಿಂದ ಜೂನ್‌ವರೆಗೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟರೆ ಅವನು ಅಂಗಡಿಯ ಬಾಗಿಲು ಹಾಕಲಿಲ್ಲ. ಕಾರ್ಡಿನ ಸಂಗತಿ ಊರಿಗೆಲ್ಲ ಗೊತ್ತಾಗಿ, ಹೋಗಿ ಬರುವವರು ಅವನನ್ನೇ ಕೇಳುತ್ತಿದ್ದರು, ಯಾವ ಕಾರ್ಡು ಒಳ್ಳೇದು, ಎಷ್ಟು ಪಾಯಿಂಟು ಕೊಡುತ್ತಾರೆ ಎಂದು. ಅವನು ಸುತ್ತು ಮುಗಿಸಿ, "ಮೊದ್ಲು ನಿನ್ ದುಡ್ಡು ಯಾವ ತಾರೀಕಿಗೆ ಕೈಗ್ ಬತ್ತದೆ ಹೇಳು" ಎನ್ನುತ್ತಿದ್ದ. ಸಂಬಳದವರು ಒಂದನೇ ತಾರೀಕು ಎನ್ನುತ್ತಿದ್ದರು. ಅಂಥವರನ್ನು ದೀಪಿಕಳ ಹತ್ತಿರ ಕಳಿಸುತ್ತಿದ್ದ. ನಮ್ಮಂಥವರು ಕಬ್ಬಿನ ಲೆಕ್ಕ ಹಾಕುತ್ತ ಮನೆಗೆ ಬರುತ್ತಿದ್ದೆವು.

ತಾಯಿ ಮಗ ಹೊರಟದ್ದು ಆಗಸ್ಟಿನಲ್ಲಿ. ಡಾಕ್ಟರು ಹೇಳಿದ ವರ್ಷ ಕಳೆದು ಮೂರು ತಿಂಗಳಾಗಿತ್ತು. ಜೈನಾಬಕ್ಕನಿಗೆ ಆಗ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನದು ಬಳೆಯಷ್ಟಿದ್ದದ್ದು ಉಂಗುರದಷ್ಟಾಗಿತ್ತು.

ಅವರು ಬಂದ ಮೇಲೆ ನಾನು ನೋಡಲು ಹೋದೆ. ಖರ್ಜೂರ ಕೊಟ್ಟಳು, ಅಲ್ಲಿಯ ನೀರು ಕೊಟ್ಟಳು. ಕೇಳುವುದೋ ಬೇಡವೋ ಎಂದುಕೊಂಡೇ ಕೇಳಿದೆ.

"ಕಂಡ್ತಾ ಅಕ್ಕ?"

"ಒಟ್ಟಿಗೆ ಕಾಣ್ಲಿಲ್ಲ" ಎಂದಳು. "ಕಾಬಾಕ್ಕೆ ಹೊದ್ಸಿರೋ ಕರೀ ಬಟ್ಟೆ, ಒಂದಿಷ್ಟಗಲ. ಆಮೇಲೆ ಅದ್ರ ಮೇಲೆ ಬಂಗಾರದ ಅಕ್ಷರ, ಒಂದೋ ಎರಡೋ. ಏಳು ಸುತ್ತು ಸುತ್ಬೇಕಲ್ಲ ಹೊಂಬಾಳು. ಒಂದೊಂದು ಸುತ್ತಿಗೆ ಒಂದೊಂದು ಚೂರು ಕಂಡ್ತು. ಒಂದ್ ಮೂಲೆ. ಒಂದ್ ಅಂಚು. ಬಾಗ್ಲು ಮಾತ್ರ ಕಾಣ್ಲಿಲ್ಲ, ಅಡ್ಡಕ್ಕೆ ಜನ. ಎಲ್ಲಾ ಒಳಗೆ ಸೇರಿಸ್ಕೊಂಡೆ. ಇವ್ನು ಕೈ ಹಿಡ್ಕೊಂಡು ಎಣಿಸ್ತಿದ್ದ. ನಡುವೆ ಯಾರೋ ಏನೋ ಕೇಳುದ್ರೆ ಎಡಗೈ ಎತ್ತುದ್ನಂತೆ." ಅವಳು ನಕ್ಕಳು. ಆಮೇಲೆ, "ಡಿಸೆಂಬರ್‌ಗೆ ಓಗಿದ್ರೆ ಬಾಗ್ಲೂ ಕಾಣ್ತಿತ್ತೋ ಏನೋ" ಎಂದಳು.

ಅದನ್ನು ನನ್ನ ಮೇಲೆ ಹಾಕಿ ಹೇಳಿದ್ದಲ್ಲ. ಬೀರುವಿನ ದುಡ್ಡಿನ ವಿಷಯ ಅವಳಿಗೆ ಗೊತ್ತೂ ಇರಲಿಲ್ಲ. ಅವತ್ತು ಹೇಳಿದೆ. ಕೇಳಿ, ತಡವಿ ನನ್ನ ಕೈ ಹಿಡಿದುಕೊಂಡಳು.

ಹೋದ ತಿಂಗಳು ನಮ್ಮ ಮೋಟಾರು ಮತ್ತೆ ಸುಟ್ಟಿತು. ಕಬ್ಬು ಇನ್ನೂ ಗದ್ದೆಯಲ್ಲೇ ಇದೆ. ಸೆರಗಿನಲ್ಲಿ ದುಡ್ಡು ಗಂಟು ಕಟ್ಟಿಕೊಂಡು ಹೋದೆ. ಜಕೀವುಲ್ಲಾ ಸುತ್ತುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಎಡಗೈ ಎತ್ತಿದ. ಗಂಟು ಬಿಚ್ಚಿ, ನೋಟು ಕೈಯಲ್ಲಿ ಹಿಡಿದುಕೊಂಡು, ಅವನ ಎಣಿಕೆ ಮುಗಿಯುವವರೆಗೂ ನಿಂತಿದ್ದೆ.